ಬರೀ ಹ್ಯಾಂಗ್ ಆಗುತ್ತೆ, ಅಷ್ಟೇನಾ?

ಯಾವುದೋ ಸಾಫ್ಟ್‌ವೇರ್‌ನಲ್ಲಿ ದೋಷ ಸಿಕ್ಕಿದೆ ಅಂದ ಕೂಡಲೇ ನಾವೆಲ್ಲ ಕೇಳೋದು ಒಂದೇ: ಡೇಟಾ ಕದ್ರಾ? ಇಲ್ಲಪ್ಪ, ಪ್ರೋಗ್ರಾಂ ಬರೀ ಹ್ಯಾಂಗ್ ಆಗುತ್ತೆ ಅಂದ್ರೆ ಮುಗೀತು, ಯಾರಿಗೂ ಆಸಕ್ತಿ ಇರಲ್ಲ. ಈ ಉದಾಸೀನ ಸರಿಯಲ್ಲ ಅನ್ನೋದು ನಮ್ಮ ವಾದ.

ಫೋನಿನಲ್ಲಿ ತೆಗೆದ ಫೋಟೋ ಒಳಗೆ ಎಕ್ಸಿಫ್ ಅನ್ನೋ ಭಾಗ ಇರುತ್ತೆ. ತೆಗೆದ ದಿನ, ಸಮಯ, ಲೊಕೇಶನ್ ಆನ್ ಇದ್ದರೆ ಜಾಗ ಕೂಡ ಅದರಲ್ಲಿ ಸೇರಿರುತ್ತೆ. ಇದನ್ನು ಓದೋಕೆ ಎಕ್ಸಿವ್2 ಎಂಬ ಓಪನ್ ಸೋರ್ಸ್ ಲೈಬ್ರರಿ ಇದೆ. ಡಿಜಿಕ್ಯಾಮ್, ಡಾರ್ಕ್‌ಟೇಬಲ್ ಎರಡೂ ಅದನ್ನೇ ನೆಚ್ಚಿಕೊಂಡಿವೆ. 2021ರಲ್ಲಿ ಅದರಲ್ಲೊಂದು ದೋಷ ಹೊರಬಿತ್ತು, ಸಿವಿಇ-2021-34334. ಬೇಕೆಂತಲೇ ಕೆಡಿಸಿದ ಒಂದು ಚಿತ್ರ ಕೊಟ್ಟರೆ ಸಾಕು, ಲೈಬ್ರರಿ ಕೊನೆಯಿಲ್ಲದ ಲೂಪ್‌ಗೆ ಬೀಳುತ್ತಿತ್ತು. 0.27.5 ಆವೃತ್ತಿಯಲ್ಲಿ ಸರಿಪಡಿಸಿದರು.

ಇಂಥದ್ದು ಹೇಗಾಗುತ್ತೆ? ಒಂದು ಸರಳ ಉದಾಹರಣೆ ನೋಡಿ (ಮೇಲಿನ ದೋಷ ಇದೇ ಅಂತಲ್ಲ). ಎಕ್ಸಿಫ್ ಮಾಹಿತಿ ಪಟ್ಟಿಗಳಲ್ಲಿರುತ್ತೆ. ಪ್ರತಿ ಪಟ್ಟಿಯ ಕೊನೆಗೆ 4 ಬೈಟ್‌ನ ಒಂದು ಸಂಖ್ಯೆ, ಮುಂದಿನ ಪಟ್ಟಿ ಎಲ್ಲಿದೆ ಅಂತ ಹೇಳೋಕೆ. ಸೊನ್ನೆ ಇದ್ದರೆ ಮುಗೀತು. ಅಲ್ಲಿ ಯಾರಾದ್ರೂ ಅದೇ ಪಟ್ಟಿಯ ವಿಳಾಸ ಬರೆದಿಟ್ಟರೆ? ಫೈಲ್ ಹೇಳಿದ್ದನ್ನೆಲ್ಲ ನಂಬೋ ಕೋಡ್ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತೆ. ಲಿಂಕ್ಡ್ ಲಿಸ್ಟ್‌ನಲ್ಲಿ ಸೈಕಲ್ ಪತ್ತೆ ಮಾಡೋದನ್ನ ನಾವು ಇಂಟರ್ವ್ಯೂಗೆ ಅಂತ ಬಾಯಿಪಾಠ ಮಾಡ್ತೀವಲ್ಲ, ಅದೇ ಕಥೆ!

ಈಗ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಗೆ ಬನ್ನಿ. 2023ರ ಜನವರಿ 1ರಿಂದ ನರೇಗಾ ಕೆಲಸದ ಜಾಗಗಳಲ್ಲಿ ಹಾಜರಾತಿಗೆ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯವಾಯಿತು. ದಿನಕ್ಕೆ 2 ಸಲ, ಜಾಗ ಮತ್ತು ಸಮಯದ ಗುರುತಿರೋ ಫೋಟೋ. ಆ ಆ್ಯಪ್‌ನಲ್ಲಿ ಎಕ್ಸಿವ್2 ಇದೆ ಅಂತ ನಾವು ಹೇಳ್ತಿಲ್ಲ. ಆದರೆ ಸಾದಲಿಯಲ್ಲಿ ಕೆರೆ ಹೂಳೆತ್ತೋ ಅಕ್ಕಂದಿರಿಗೆ ಫೋಟೋನೇ ಹಾಜರಿ, ಹಾಜರಿನೇ ಕೂಲಿ. ಅಂಥ ಕಡೆ ಫೋಟೋ ಓದೋ ಸರ್ವರ್ ಒಂದು ಕೆಟ್ಟ ಫೈಲ್ ಹಿಡಿದು ಕೂತರೆ, ಹಿಂದೆ ಸಾಲಲ್ಲಿರೋ ಒಳ್ಳೆ ಫೋಟೋಗಳೂ ನಿಲ್ಲುತ್ತವೆ. ಏನೂ ಕಳುವಾಗಿರಲ್ಲ. ದುಡಿದ ದಿನ ಮಾತ್ರ ಲೆಕ್ಕಕ್ಕೆ ಸಿಗಲ್ಲ.

ನಮ್ಮ ಲ್ಯಾಬ್‌ಗಳಲ್ಲಿ ಸರಿಯಾದ ಇನ್‌ಪುಟ್ ಕೊಟ್ಟು, ಸರಿಯಾದ ಔಟ್‌ಪುಟ್ ಬಂದರೆ ಮಾರ್ಕ್ಸ್. ಹ್ಯಾಕಥಾನ್‌ನಲ್ಲಂತೂ ಡೆಮೊ ಓಡಿದ್ರೆ ಸಾಕು. ಮುಂದಿನ ಹ್ಯಾಕಥಾನ್‌ನಿಂದಲಾದ್ರೂ ತೀರ್ಪುಗಾರರು ಪ್ರತಿ ತಂಡಕ್ಕೂ ಒಂದು ಕೆಡಿಸಿದ ಫೋಟೋ ಅಪ್‌ಲೋಡ್ ಮಾಡಲಿ. ಅದಾದ ಮೇಲೂ ಮುಂದಿನ ಫೋಟೋ ತೆರೆದರೆ ಮಾತ್ರ ಅಂಕ ಕೊಡಲಿ.