ಪುಕ್ಕಟೆ ರೇಸು, ಕಾಸಿನ ಗೆಲುವು

ವಿಡಿಯೊ ಗೇಮಿನ ಕಾರ್ಟ್ ರೇಸಿಂಗ್ ಎಂದರೆ ಮಕ್ಕಳ ಕಾರಿನಾಟ ಎಂದು ತಳ್ಳಿಹಾಕುವವರು ಅದರೊಳಗಿನ ಒಂದು ಏರ್ಪಾಟನ್ನು ಗಮನಿಸಿರುವುದಿಲ್ಲ. ಅಲ್ಲಿ ಹಿಂದೆ ಬಿದ್ದವರಿಗೇ ಹೆಚ್ಚು ನೆರವು. ಮುಂದಿರುವವರು ದಾರಿಯಲ್ಲಿನ ಪೆಟ್ಟಿಗೆ ಒಡೆದರೆ ಸಿಗುವುದು ಬಾಳೆಹಣ್ಣಿನ ಸಿಪ್ಪೆ, ಹೆಚ್ಚೆಂದರೆ ಒಂದು ಹಸಿರು ಚಿಪ್ಪು. ಕೊನೆಯಲ್ಲಿ ತೆವಳುತ್ತಿರುವವರಿಗೆ ಅಂಥದ್ದೇ ಪೆಟ್ಟಿಗೆಯಿಂದ ಎದುರಿಗೆ ಬಂದವರನ್ನೆಲ್ಲ ಉರುಳಿಸಿಕೊಂಡು ನುಗ್ಗುವ ನಕ್ಷತ್ರ ಸಿಗಬಹುದು. 1996ರ ‘ಮಾರಿಯೊ ಕಾರ್ಟ್ 64’ರಲ್ಲಿ ಬಂದ ನೀಲಿ ಮುಳ್ಳುಚಿಪ್ಪಂತೂ ಮೊದಲ ಸ್ಥಾನದಲ್ಲಿರುವವರನ್ನೇ ಹುಡುಕಿಕೊಂಡು ಹೋಗಿ ಬಡಿಯುತ್ತದೆ. ಪಳಗಿದ ಆಟಗಾರರು ಇದನ್ನು ಅನ್ಯಾಯವೆಂದು ಬೈಯುವುದುಂಟು. ಆದರೆ ಎಂಟು ವರ್ಷದ ಹುಡುಗಿಯೂ ಅವಳ ಸೋದರಮಾವನೂ ಒಟ್ಟಿಗೆ ಕುಳಿತು ಆಡಿ, ಇಬ್ಬರಿಗೂ ಗೆಲ್ಲುವ ಆಸೆ ಕೊನೆಯ ತಿರುವಿನವರೆಗೂ ಉಳಿಯುವುದು ಇದರಿಂದಲೇ. 1992ರಲ್ಲಿ ‘ಸೂಪರ್ ಮಾರಿಯೊ ಕಾರ್ಟ್’ನೊಂದಿಗೆ ಶುರುವಾದ ನಿಂಟೆಂಡೊ ಕಂಪನಿಯ ಈ ಸರಣಿಯ ಒಂದೇ ಒಂದು ಆಟ, ‘ಮಾರಿಯೊ ಕಾರ್ಟ್ 8 ಡಿಲಕ್ಸ್’, ಆರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ.

ಆ ಏರ್ಪಾಟು ಮೊಬೈಲಿಗೆ ಬಂದಾಗ, ಅದೂ ‘ಉಚಿತ’ ಎಂಬ ಹಣೆಪಟ್ಟಿ ಹಚ್ಚಿಕೊಂಡು ಬಂದಾಗ, ಏನಾಯಿತು ಎಂಬುದನ್ನು ನೋಡಬೇಕು. ನಮ್ಮಲ್ಲಿ ಆನ್‌ಲೈನ್ ಆಟಗಳ ಬಗ್ಗೆ ನಡೆಯುತ್ತಿರುವ ಚರ್ಚೆ ಎಲ್ಲಿ ದಾರಿ ತಪ್ಪಿದೆ ಎಂಬುದಕ್ಕೂ ಅಲ್ಲಿ ಉತ್ತರವಿದೆ.

‘ಮಾರಿಯೊ ಕಾರ್ಟ್ ಟೂರ್’ 2019ರ ಸೆಪ್ಟೆಂಬರ್ 25ರಂದು ಬಿಡುಗಡೆಯಾಯಿತು. ಮೊದಲ ತಿಂಗಳಲ್ಲೇ 12 ಕೋಟಿಗೂ ಹೆಚ್ಚು ಬಾರಿ ಡೌನ್‌ಲೋಡ್ ಆಯಿತೆಂದು ಮಾರುಕಟ್ಟೆ ವಿಶ್ಲೇಷಣಾ ಸಂಸ್ಥೆ ಸೆನ್ಸರ್ ಟವರ್ ಅಂದಾಜು ಮಾಡಿತು. ಭಾರತದ ಮಟ್ಟಿಗೆ ಇದು ದೊಡ್ಡ ಸಂಗತಿ. ತೊಂಬತ್ತರ ದಶಕದಲ್ಲಿ ಟಿ.ವಿಗೆ ಸಿಕ್ಕಿಸುವ ನಕಲಿ ಕ್ಯಾಸೆಟ್ ಗೇಮುಗಳ ಮೂಲಕವೇ ಮಾರಿಯೊನನ್ನು ಕಂಡವರು ನಾವು. ಅಸಲಿ ಕನ್ಸೋಲ್ ಬಹುತೇಕ ಮನೆಗಳ ಹೊಸ್ತಿಲು ದಾಟಲಿಲ್ಲ. ಫೋನಿಗೆ ಬಂದದ್ದರಿಂದ ಆ ಆಟ ಮೊದಲ ಬಾರಿಗೆ ಕಾಸು ಕೊಡದೆ ಕೈಗೆ ಸಿಕ್ಕಿತು. ಎರಡು ವಾರಕ್ಕೊಂದು ‘ಟೂರ್’: ನ್ಯೂಯಾರ್ಕ್, ಟೋಕಿಯೊ, ಪ್ಯಾರಿಸ್, ಲಂಡನ್ನಿನ ಬೀದಿಗಳಲ್ಲಿ ಓಟ. (ಮುಂದೆ ಬ್ಯಾಂಕಾಕ್, ಸಿಂಗಪುರಗಳೂ ಸೇರಿಕೊಂಡವು.)

ಒಳಗೆ ಹೋದರೆ ಕಾಣುವುದು ಬೇರೆಯೇ ಲೆಕ್ಕ. ಪ್ರತಿ ಟ್ರ್ಯಾಕ್‌ಗೂ ಕೆಲವು ಚಾಲಕರು ‘ಒಗ್ಗುತ್ತಾರೆ’. ಒಗ್ಗದ ಚಾಲಕನಿಗೆ ಪೆಟ್ಟಿಗೆಯಿಂದ ಒಂದು ಅಸ್ತ್ರ; ಒಗ್ಗಿದವನಿಗೆ ಮೂರು. ಆ ಮೂರೂ ಒಂದೇ ಬಗೆಯವಾದರೆ ಕೆಲವು ಸೆಕೆಂಡುಗಳ ಕಾಲ ಎಡೆಬಿಡದ ಸುರಿಮಳೆ. ಕಾರ್ಟ್ ಒಗ್ಗಿದರೆ ಹೆಚ್ಚು ಬೋನಸ್ ಅಂಕ, ಗ್ಲೈಡರ್ ಒಗ್ಗಿದರೆ ಅಂಕಗಳ ಸರಪಳಿ ಕಡಿಯದೆ ಉದ್ದವಾಗುತ್ತದೆ. ವಾರದ ಕೊನೆಗೆ ಸ್ಥಾನ ನಿರ್ಧಾರವಾಗುವುದು ಈ ಅಂಕಗಳ ಮೇಲೆ. ಸರಿ, ಆ ಚಾಲಕರು ಸಿಗುತ್ತಿದ್ದದ್ದೆಲ್ಲಿ? ಹಸಿರು ಕೊಳವೆಯೊಂದರಲ್ಲಿ. ಐದು ಮಾಣಿಕ್ಯ ಹಾಕಿದರೆ ಕೊಳವೆ ಒಂದು ಬಾರಿ ಸಿಡಿಯುತ್ತಿತ್ತು, 45 ಹಾಕಿದರೆ ಹತ್ತು ಬಾರಿ. ಏನು ಹೊರಬರುತ್ತದೆಂಬುದು ಅದೃಷ್ಟ. ಮಾಣಿಕ್ಯ ಆಟದಲ್ಲೂ ಸ್ವಲ್ಪ ಸ್ವಲ್ಪ ಸಿಗುತ್ತದೆ. ಸಾಲದಿದ್ದರೆ ಹಣ ಕೊಟ್ಟು ಕೊಳ್ಳಬಹುದು. ಪೆಟ್ಟಿಗೆ ಅಂಗಡಿಯಲ್ಲಿ ಮಕ್ಕಳು ನಾಲ್ಕಾಣೆ ಕೊಟ್ಟು ಚೀಟಿ ಹರಿಯುತ್ತಿದ್ದ ಆಟವೇ ಇದು. ಅಲ್ಲಿ ಕೈಯಲ್ಲಿದ್ದ ನಾಲ್ಕಾಣೆ ಮುಗಿದರೆ ಆಟವೂ ಮುಗಿಯುತ್ತಿತ್ತು, ಇಲ್ಲಿ ಹಾಗಿರಲಿಲ್ಲ.

ಹಿಂದೆ ಬಿದ್ದವರಿಗೆ ಬಲ ಕೊಡುವ ಏರ್ಪಾಟು ಪೂರ್ತಿ ಮಾಯವಾಗಿರಲಿಲ್ಲ, ಆದರೆ ಅದರ ಮೇಲೆ ಇನ್ನೊಂದು ಏರ್ಪಾಟು ಕುಳಿತಿತ್ತು. ಹೆಚ್ಚು ಸಲ ಕೊಳವೆ ಸಿಡಿಸಿದವರು ಹೊರಡುವ ಮುನ್ನವೇ ಮುಂದಿರುತ್ತಿದ್ದರು. ಇನ್ನೂ ವಿಚಿತ್ರವೆಂದರೆ, ಬಿಡುಗಡೆಯಾದಾಗ ಈ ಬಹು ಆಟಗಾರರ ಆಟದಲ್ಲಿ ಬೇರೆ ಆಟಗಾರರೇ ಇರಲಿಲ್ಲ. ಪಕ್ಕದ ಕಾರ್ಟ್‌ಗಳ ಮೇಲೆ ಮನುಷ್ಯರ ಹೆಸರಿರುತ್ತಿತ್ತು, ಓಡಿಸುತ್ತಿದ್ದದ್ದು ಯಂತ್ರ. ನಿಜವಾದ ಮಲ್ಟಿಪ್ಲೇಯರ್ ಎಲ್ಲರಿಗೂ ಸಿಕ್ಕಿದ್ದು 2020ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು ಅದನ್ನು ಮೊದಲ ಸಲ ಪರೀಕ್ಷಾರ್ಥವಾಗಿ ಆಡಲು ಬಿಟ್ಟದ್ದು ತಿಂಗಳಿಗೆ 4.99 ಡಾಲರ್‌ನ ‘ಗೋಲ್ಡ್ ಪಾಸ್’ ಕೊಂಡವರನ್ನು. ಅತಿ ವೇಗದ 200 ಸಿ.ಸಿ. ಓಟಕ್ಕೂ ಆರಂಭದಲ್ಲಿ ಅದೇ ಪಾಸ್ ಬೇಕಿತ್ತು. ಆಟ ಬಿಡುಗಡೆಯಾದ ತಿಂಗಳಲ್ಲೇ, ಅದೇ 4.99 ಡಾಲರ್‌ಗೆ, ಆ್ಯಪಲ್ ಕಂಪನಿ ತನ್ನ ಆರ್ಕೇಡ್ ಸೇವೆಯಲ್ಲಿ ಜಾಹೀರಾತೂ ಇಲ್ಲದ, ಒಳಖರೀದಿಯೂ ಇಲ್ಲದ ಆಟಗಳ ರಾಶಿಯನ್ನೇ ಕೊಡಲು ಶುರುಮಾಡಿತ್ತು.

ಕಂಪನಿಯನ್ನು ಮಾತ್ರ ದೂರುವುದು ಸುಲಭ. ಆದರೆ 2016ರ ಡಿಸೆಂಬರ್‌ನಲ್ಲಿ ಇದೇ ನಿಂಟೆಂಡೊ ‘ಸೂಪರ್ ಮಾರಿಯೊ ರನ್’ ಎಂಬ ಆಟವನ್ನು ನೇರ ವ್ಯಾಪಾರದಂತೆ ಮಾರಲು ಹೋಗಿತ್ತು. ಮೊದಲ ಕೆಲವು ಹಂತ ಉಚಿತ, ನಂತರ ಒಂದೇ ಸಲ ಹತ್ತು ಡಾಲರ್, ಮುಂದೆ ಕೇಳುವುದೇನಿಲ್ಲ. ಜನ ಕೋಟಿಗಟ್ಟಲೆ ಇಳಿಸಿಕೊಂಡರು, ಹತ್ತು ಡಾಲರ್ ಕೇಳಿದ ಕಡೆಗೆ ಬಹುಪಾಲು ಮಂದಿ ವಾಪಸಾದರು. ಆದಾಯ ನಿರೀಕ್ಷೆ ಮುಟ್ಟಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿತು. ಮರುವರ್ಷದ ‘ಫೈರ್ ಎಂಬ್ಲೆಮ್ ಹೀರೋಸ್’ನಲ್ಲಿ ಅದೃಷ್ಟದ ಪೆಟ್ಟಿಗೆ ಬಂತು, ಹಣವೂ ಬಂತು. ಫೋನಿನ ಆಟಕ್ಕೆ ಕಾಸು ಕೊಡುವುದೇ ಅವಮಾನ ಎಂಬಂತೆ ನಾವೆಲ್ಲ ನಡೆದುಕೊಂಡದ್ದರ ಬೆಲೆಯನ್ನು, ಕೊಳವೆಯ ಮುಂದೆ ನಿಂತ ಕೆಲವೇ ಮಂದಿಯಿಂದ ವಸೂಲು ಮಾಡಲಾಯಿತು. ಉಚಿತ ಆಟಗಳ ಆರ್ಥಿಕತೆಯ ಗುಟ್ಟೇ ಅದು: ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಏನೂ ಕೊಡುವುದಿಲ್ಲ; ಕೊಡುವ ಕೆಲವರು ಮಿತಿಮೀರಿ ಕೊಡುವಂತೆ ಆಟವನ್ನು ಕಟ್ಟಬೇಕಾಗುತ್ತದೆ. ಆ ಕೆಲವರಲ್ಲಿ ಹಣವಂತರೂ ಇರುತ್ತಾರೆ, ಕೈತಡೆಯಲಾಗದವರೂ ಇರುತ್ತಾರೆ, ಅಪ್ಪನ ಕಾರ್ಡು ಕೈಗೆ ಸಿಕ್ಕ ಮಕ್ಕಳೂ ಇರುತ್ತಾರೆ.

ಇದು ಕಲ್ಪನೆಯಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಾಲಕನೊಬ್ಬನ ಪರವಾಗಿ ನಿಂಟೆಂಡೊ ವಿರುದ್ಧ ಮೊಕದ್ದಮೆ ಹೂಡಲಾಯಿತು. ತಂದೆಯ ಕಾರ್ಡಿನಿಂದ ಆತ 170 ಡಾಲರ್‌ಗೂ ಹೆಚ್ಚು ಹಣವನ್ನು ಈ ಆಟದ ಕೊಳವೆಗೆ ಸುರಿದಿದ್ದ ಎಂಬುದು ದೂರು. ಅಷ್ಟರಲ್ಲಿ ಕೊಳವೆಯೇ ಇರಲಿಲ್ಲ. 2022ರ ಶರತ್ಕಾಲದಲ್ಲಿ ಕಂಪನಿ ಅದನ್ನು ತೆಗೆದು, ಬೇಕಾದ ಚಾಲಕನನ್ನು ನೋಡಿ ನೇರವಾಗಿ ಕೊಳ್ಳುವ ಅಂಗಡಿಯನ್ನು ಇಟ್ಟಿತ್ತು. ಕೊಳವೆಯಿಲ್ಲದೆಯೂ ಆಟ ನಡೆಯುತ್ತದೆ ಎಂದಾದರೆ ಮೂರು ವರ್ಷ ಅದು ಯಾಕೆ ಬೇಕಿತ್ತು ಎಂಬ ಪ್ರಶ್ನೆಗೆ ದುಡ್ಡಿನ ಹೊರತು ಬೇರೆ ಉತ್ತರವಿದ್ದಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಹೊಸ ಟ್ರ್ಯಾಕ್, ಹೊಸ ಚಾಲಕರು ಬರುವುದು ನಿಂತಿತು. ಅಲ್ಲಿಂದಾಚೆಗೆ ಹಳೆಯ ಟೂರುಗಳೇ ಸುತ್ತಿ ಸುತ್ತಿ ಬರುತ್ತಿವೆ.

ಸಜ್ಜನಿಕೆಯಿಂದಲೇ ಇದನ್ನು ಸರಿಪಡಿಸಬಹುದೆ? ದಕ್ಷಿಣ ಕೊರಿಯಾದ ಅನುಭವ ಅಷ್ಟು ಉತ್ಸಾಹ ತುಂಬುವುದಿಲ್ಲ. ಅಲ್ಲಿನ ನೆಕ್ಸಾನ್ ಕಂಪನಿಯ ‘ಕಾರ್ಟ್‌ರೈಡರ್’ 2004ರಿಂದ ಒಂದು ತಲೆಮಾರಿನ ಇಂಟರ್‌ನೆಟ್ ಕೆಫೆಗಳನ್ನು ತುಂಬಿಸಿದ್ದ ಆಟ. ಅದರ ಉತ್ತರಾಧಿಕಾರಿಯಾಗಿ 2023ರ ಜನವರಿಯಲ್ಲಿ ‘ಕಾರ್ಟ್‌ರೈಡರ್: ಡ್ರಿಫ್ಟ್’ ಬಂದಾಗ ತಯಾರಕರು ಮೂರು ‘ಇಲ್ಲ’ಗಳ ವಚನ ಕೊಟ್ಟಿದ್ದರು: ಹಣದಿಂದ ಗೆಲುವು ಇಲ್ಲ, ಅದೃಷ್ಟದ ಡಬ್ಬಿ ಇಲ್ಲ, ಸಂಭವನೀಯತೆಯ ಆಟ ಇಲ್ಲ. ಮೊಬೈಲು, ಪಿ.ಸಿ., ಕನ್ಸೋಲ್ ಮೂರರಲ್ಲೂ ಒಟ್ಟಿಗೆ ಆಡುವ ಸೌಲಭ್ಯವಿತ್ತು. 2025ರಲ್ಲಿ ಅದರ ಸೇವೆಯೇ ನಿಂತುಹೋಯಿತು. ಪ್ರಾಮಾಣಿಕತೆಯೇ ಅದನ್ನು ಕೊಂದಿತು ಎನ್ನಲಾಗದು; ಹೊಸದಕ್ಕೆ ಜಾಗ ಮಾಡಲು ಹಳೆಯ ಪ್ರೀತಿಯ ಆಟವನ್ನು ಮುಚ್ಚಿದ್ದರ ಸಿಟ್ಟೂ ಇತ್ತು. ಹಾಗಿದ್ದರೂ ಒಬ್ಬರೇ ನೇಮ ಪಾಲಿಸಿ ಉಳಿದವರು ಕೊಳವೆ ಇಟ್ಟುಕೊಂಡ ಮಾರುಕಟ್ಟೆಯಲ್ಲಿ ನೇಮ ಪಾಲಿಸಿದವರ ಕೈ ಕಟ್ಟಿದಂತಾಗುತ್ತದೆ. ಇದೇ ನೆಕ್ಸಾನ್, ಇನ್ನೊಂದು ಆಟದಲ್ಲಿ ಸಂಭವನೀಯತೆಯನ್ನು ಗುಟ್ಟಾಗಿ ಬದಲಿಸಿದ್ದಕ್ಕೆ 2024ರ ಜನವರಿಯಲ್ಲಿ ಕೊರಿಯಾದ ವಾಣಿಜ್ಯ ಆಯೋಗದಿಂದ ಸುಮಾರು 1,160 ಕೋಟಿ ವಾನ್ ದಂಡ ಹಾಕಿಸಿಕೊಂಡಿತು. ಒಂದೇ ಸೂರಿನಡಿ ಎರಡೂ ಸಾಧ್ಯ. ಅದೇ ವರ್ಷದ ಮಾರ್ಚ್‌ನಿಂದ ಅಲ್ಲಿ ಸಂಭವನೀಯತೆಯನ್ನು ಬಹಿರಂಗಪಡಿಸುವುದು ಕಾನೂನಾಯಿತು.

ಈಗ ನಮ್ಮ ಕಡೆ ತಿರುಗಿ ನೋಡೋಣ. 2007ರಲ್ಲಿ ಲಾಟರಿಯನ್ನು ನಿಷೇಧಿಸಿದ ರಾಜ್ಯ ಕರ್ನಾಟಕ. ಆನ್‌ಲೈನ್ ಹಣದಾಟಗಳ ವಿರುದ್ಧ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, 2022ರ ಫೆಬ್ರುವರಿ 14ರಂದು ಹೈಕೋರ್ಟ್‌ನಲ್ಲಿ ಸೋತ ರಾಜ್ಯವೂ ಹೌದು. ಆಗ ಚರ್ಚೆ ನಿಂತಿದ್ದದ್ದು ಕೌಶಲವೋ ಅದೃಷ್ಟವೋ ಎಂಬ ಹಳೆಯ ತಕ್ಕಡಿಯ ಮೇಲೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ತಕ್ಕಡಿಯನ್ನೇ ಬದಿಗಿಟ್ಟಿತು: ಹಣ ಹೂಡಿ ಪ್ರತಿಯಾಗಿ ಲಾಭ ನಿರೀಕ್ಷಿಸುವ ಆಟವಾದರೆ ಕೌಶಲವಿರಲಿ, ಅದೃಷ್ಟವಿರಲಿ, ನಿಷೇಧ, ಒದಗಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಇದನ್ನು ಪ್ರಶ್ನಿಸಿ ಕರ್ನಾಟಕ ಸೇರಿದಂತೆ ಹಲವು ಹೈಕೋರ್ಟ್‌ಗಳಿಗೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ಕಾಯ್ದೆಯ ಕಣ್ಣು ನೆಟ್ಟಿರುವುದು ಆಟದಿಂದ ಹೊರಬರುವ ಹಣದ ಮೇಲೆ. ಗೆದ್ದರೆ ಹಣ ಸಿಗುತ್ತದೆಯೇ ಎಂಬುದೇ ಪ್ರಶ್ನೆ. ಕಾರ್ಟ್ ಆಟದ ಕೊಳವೆಯಿಂದ ಹಣ ಯಾವತ್ತೂ ಹೊರಬರುವುದಿಲ್ಲ, ಒಳಗೆ ಮಾತ್ರ ಹೋಗುತ್ತದೆ. ರಮ್ಮಿ ಆಡಿದವನು ನೂರಕ್ಕೆ ಒಮ್ಮೆಯಾದರೂ ಗೆದ್ದಾನು. ಇಲ್ಲಿ ಗೆದ್ದವನ ಕೈಗೆ ಬರುವುದು ಕಂಪನಿಯ ಸರ್ವರ್‌ನಲ್ಲಿರುವ ಬೊಂಬೆ, ಅದನ್ನು ಮಾರುವಂತಿಲ್ಲ, ಸರ್ವರ್ ಮುಚ್ಚಿದರೆ ಇಟ್ಟುಕೊಳ್ಳುವಂತೆಯೂ ಇಲ್ಲ. ಇಂಥ ಆಟಗಳು ಕಾಯ್ದೆಯ ಪ್ರಕಾರ ‘ಸಾಮಾಜಿಕ ಆಟ’ಗಳ ಸಾಲಿಗೆ ಸೇರುತ್ತವೆ, ಅಂದರೆ ಪ್ರೋತ್ಸಾಹಕ್ಕೆ ಅರ್ಹ. ಹಣ ಕೊಟ್ಟು ಕೊಂಡ ಟೋಕನ್ನು, ನಾಣ್ಯಗಳನ್ನೂ ಪಣವೆಂದು ಕಾಯ್ದೆ ಗುರುತಿಸಿರುವುದರಿಂದ ಒಬ್ಬ ಜಾಣ ವಕೀಲ ಮಾಣಿಕ್ಯವನ್ನೂ ಅದರೊಳಗೆ ತೂರಿಸಲು ಯತ್ನಿಸಬಹುದು. ಆದರೆ ಶಾಸನದ ಉದ್ದೇಶ ಅದಲ್ಲ, ಹಾಗೆ ಹಿಗ್ಗಿಸುವುದೂ ಸರಿಯಲ್ಲ. ಮೂರು ವರ್ಷದ ಜೈಲು ಕಾರ್ಟ್ ಆಟಕ್ಕೆ ತಕ್ಕ ಮದ್ದಲ್ಲ.

ಉಳಿದ ಕಾನೂನುಗಳೂ ಪಕ್ಕದಲ್ಲೇ ಹಾದುಹೋಗುತ್ತವೆ. ಗ್ರಾಹಕರನ್ನು ಮರುಳುಗೊಳಿಸುವ ವಿನ್ಯಾಸಗಳ ವಿರುದ್ಧ ಕೇಂದ್ರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಪಟ್ಟಿಮಾಡಿದೆ. ‘ಸುಳ್ಳು ಅವಸರ’ ಅದರಲ್ಲೊಂದು. ಆದರೆ ಎರಡು ವಾರದ ಟೂರ್ ನಿಜವಾಗಿಯೂ ಎರಡು ವಾರಕ್ಕೆ ಮುಗಿಯುತ್ತದೆ. ಅವಸರ ಸುಳ್ಳಲ್ಲ, ಹುಟ್ಟಿಸಿದ್ದು. ಮಾರ್ಗಸೂಚಿಯ ಬಲೆಯಲ್ಲಿ ಅಷ್ಟು ದೊಡ್ಡ ಕಿಂಡಿಯಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಅವರ ವರ್ತನೆಯ ಬೆನ್ನುಹತ್ತುವುದನ್ನು ತಡೆಯುತ್ತದೆ. ಅದು ದತ್ತಾಂಶದ ಮಾತು, ವ್ಯಾಪಾರದ ಮಾತಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದರೂ ಮುಖ್ಯ ಬಾಧ್ಯತೆಗಳಿಗೆ ಒಂದೂವರೆ ವರ್ಷದ ಗಡುವಿದೆ. ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಪೋಷಕರಿಗೆ ಸಲಹೆ ಕೊಟ್ಟಿತ್ತು: ಒಪ್ಪಿಗೆಯಿಲ್ಲದೆ ಆಟದೊಳಗೆ ಖರೀದಿ ಮಾಡಲು ಮಕ್ಕಳನ್ನು ಬಿಡಬೇಡಿ. ಅಮ್ಮನ ಫೋನಿನಲ್ಲೇ ಆನ್‌ಲೈನ್ ಪಾಠ, ಅದರಲ್ಲೇ ಯುಪಿಐ, ಅದರಲ್ಲೇ ಆಟ, ಪಿನ್ ಮಗನಿಗೇ ಹೆಚ್ಚು ಚೆನ್ನಾಗಿ ನೆನಪಿರುವ ಮನೆಗಳಿಗೆ ಆ ಸಲಹೆ ಎಷ್ಟು ಉಪಯೋಗಕ್ಕೆ ಬಂದೀತು?

ಬೇರೆಯವರು ಏನು ಮಾಡಿದರು ಎಂಬುದರಲ್ಲಿ ಕಲಿಯುವುದಿದೆ. ಬೆಲ್ಜಿಯಂ 2018ರಲ್ಲಿ ಹಣದ ಅದೃಷ್ಟಪೆಟ್ಟಿಗೆಯನ್ನು ಜೂಜೆಂದು ಘೋಷಿಸಿತು. ನಿಂಟೆಂಡೊ ಅಲ್ಲಿಂದ ತನ್ನ ಎರಡು ಆಟಗಳನ್ನು ವಾಪಸು ತೆಗೆದುಕೊಂಡಿತು. ಇದು ಬಾಗಿಲು ಹಾಕುವ ಮಾರ್ಗ. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್‌ನಿಂದ ಇಂಥ ಹೊಸ ಆಟಗಳಿಗೆ ಚಿಕ್ಕ ಮಕ್ಕಳ ಶ್ರೇಣಿ ಕೊಡುವುದನ್ನು ನಿಲ್ಲಿಸಿತು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ‘ಗೆನ್‌ಶಿನ್ ಇಂಪ್ಯಾಕ್ಟ್’ ಎಂಬ ಆಟದ ಪ್ರಕರಣದಲ್ಲಿ ಮಾಡಿಕೊಂಡ ಒಪ್ಪಂದ. ಎರಡು ಕೋಟಿ ಡಾಲರ್ ದಂಡವಷ್ಟೇ ಅಲ್ಲ. 16 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆಯಿಲ್ಲದೆ ಅದೃಷ್ಟಪೆಟ್ಟಿಗೆ ಮಾರುವಂತಿಲ್ಲ, ಏನು ಸಿಗುವ ಸಾಧ್ಯತೆ ಎಷ್ಟೆಂದು ಹೇಳಬೇಕು, ಆಟದ ನಾಣ್ಯಗಳ ವಿನಿಮಯ ದರವನ್ನು ಬಿಚ್ಚಿಡಬೇಕು. ಐದು ಮಾಣಿಕ್ಯ ಎಂಬಲ್ಲಿ ಇಷ್ಟು ರೂಪಾಯಿ ಎಂದು ಬರೆದರೆ ಸಾಕು, ಅರ್ಧ ಮಾಯೆ ಇಳಿದುಹೋಗುತ್ತದೆ. ಪ್ಯಾಕೆಟ್ ಮೇಲೆ ಗರಿಷ್ಠ ಮಾರಾಟ ಬೆಲೆ ಓದಿ ಅಂಗಡಿಯವನೊಂದಿಗೆ ಜಗಳ ಮಾಡುವ ದೇಶಕ್ಕೆ ಇದೇನೂ ಕಷ್ಟದ ವಿದ್ಯೆಯಲ್ಲ.

ಅಂದಹಾಗೆ, ನಿಜವಾಗಿ ಪುಕ್ಕಟೆಯಾದ ಕಾರ್ಟ್ ಆಟವೂ ಒಂದಿದೆ. ‘ಸೂಪರ್‌ಟಕ್ಸ್‌ಕಾರ್ಟ್’ ಅನ್ನು ಸ್ವಯಂಸೇವಕರು ವರ್ಷಗಟ್ಟಲೆ ಕಟ್ಟಿದ್ದಾರೆ; ಮೂಲ ಸಂಕೇತವೂ ಮುಕ್ತ, ಜಾಹೀರಾತಿಲ್ಲ, ಅಂಗಡಿಯಿಲ್ಲ, 2019ರಿಂದ ಅಂತರ್ಜಾಲದಲ್ಲಿ ಬೇರೆಯವರೊಂದಿಗೂ ಆಡಬಹುದು. ಅದರ ಹೊಳಪು ಕಡಿಮೆ, ಎಲ್ಲರನ್ನೂ ಸೆಳೆಯುವುದಿಲ್ಲ. ಇಂಥದ್ದರಿಂದ ಉದ್ಯಮ ನಡೆಯುವುದಿಲ್ಲ ಎಂಬುದೂ ಸತ್ಯ. ಆಟ ಕಟ್ಟುವವರಿಗೆ ಸಂಬಳ ಎಲ್ಲಿಂದಲಾದರೂ ಬರಬೇಕು.

ಆ ‘ಎಲ್ಲಿಂದಲಾದರೂ’ ಈಗ ಬೆಂಗಳೂರಿಗೆ ನೇರ ಸಂಬಂಧಪಟ್ಟ ವಿಷಯ. 2025ರ ಕಾಯ್ದೆ ಬಂದೊಡನೆ ಇಲ್ಲಿನ ಎಂಪಿಎಲ್ ಸೇರಿದಂತೆ ಹಲವು ಕಂಪನಿಗಳು ಹಣದಾಟ ನಿಲ್ಲಿಸಿ ಉಚಿತ ಆಟಗಳತ್ತ ಹೊರಳಿದವು. ಜನರ ಕೈಯಿಂದ ದುಡ್ಡು ಹೊರಡಿಸುವ ವಿದ್ಯೆಯಲ್ಲಿ ಪಳಗಿದ ಎಂಜಿನಿಯರುಗಳು, ಅಂಕಿಅಂಶ ತಜ್ಞರು ಈ ಊರಿನಲ್ಲಿ ಸಾಕಷ್ಟಿದ್ದಾರೆ. ಅವರ ಮುಂದಿರುವ ಹತ್ತಿರದ ದಾರಿ ಒಳಖರೀದಿಯದೇ. ಆಟಗಳನ್ನು ವರ್ಗೀಕರಿಸಿ ನೋಂದಾಯಿಸಲು ಪ್ರಾಧಿಕಾರ ರಚಿಸುವ ಅವಕಾಶ ಅದೇ ಕಾಯ್ದೆಯಲ್ಲಿದೆ. ‘ಸಾಮಾಜಿಕ ಆಟ’ ಎಂಬ ಮುದ್ರೆ ಒತ್ತುವ ಮುನ್ನ ಆ ಪ್ರಾಧಿಕಾರ ಅರ್ಜಿ ನಮೂನೆಯಲ್ಲೇ ಕೇಳಲಿ: ಅದೃಷ್ಟಕ್ಕೆ ಬಿಟ್ಟ ವಸ್ತುವನ್ನು ಹಣಕ್ಕೆ ಮಾರುತ್ತೀರಾ? ಆ ವಸ್ತು ಓಟದ ಫಲಿತಾಂಶವನ್ನು ಬದಲಿಸುತ್ತದೆಯೇ? ಬೆಲೆ ರೂಪಾಯಿಯಲ್ಲಿ ಕಾಣುತ್ತದೆಯೇ? ತಿಂಗಳಿಗೆ ಇಷ್ಟು ದಾಟಿದರೆ ಖಾತೆಯ ಒಡೆಯರಿಗೆ ತಿಳಿಯುತ್ತದೆಯೇ? ಕಂಪನಿಗಳು ಹೊಸ ಆಟಗಳ ಲೆಕ್ಕ ಹಾಕುತ್ತಿರುವಾಗಲೇ ಈ ನಿಯಮ ಬಂದರೆ ಅದಕ್ಕೆ ತಕ್ಕಂತೆ ಕಟ್ಟಿಕೊಳ್ಳುತ್ತವೆ. ಮಾರುಕಟ್ಟೆ ಬೆಳೆದು ಹೂಡಿಕೆದಾರರು ಕುಳಿತ ಮೇಲೆ ತಂದರೆ, ರಮ್ಮಿಯಂತೆ ಇದೂ ಇನ್ನೊಂದು ದಶಕ ಕೋರ್ಟಿನಲ್ಲಿ ಓಡುತ್ತದೆ.