ತಾಯಿ ಹೊರಟಳು, ಮಗಳು ಉಳಿದಳು

ರಜೆ ಬಂತೆಂದರೆ ಮಕ್ಕಳ ಕೈಗೆ ಯಾವ ಪುಸ್ತಕ ಕೊಡೋಣ ಎಂಬ ಪ್ರಶ್ನೆ ತಂದೆತಾಯಂದಿರಿಗೆ ಎದುರಾಗುತ್ತದೆ. ಒಂದೇ ಮನೆತನದ ಮೂರು ತಲೆಮಾರಿನ ಕಥೆ ಹೇಳುವ ಮೂರು ದಪ್ಪ ಕಾದಂಬರಿಗಳನ್ನು ಸೂಚಿಸಿದರೆ, 'ಅಷ್ಟೆಲ್ಲ ಓದುವ ವ್ಯವಧಾನ ಈಗಿನವರಿಗೆ ಎಲ್ಲಿದೆ?' ಎಂದು ಹುಬ್ಬೇರಿಸುವವರೇ ಹೆಚ್ಚು. ಆದರೆ ಬಂಗಾಳಿಯಲ್ಲಿ ಅಂಥದೊಂದು ಮಾಲೆ ಅರವತ್ತು ವರ್ಷ ಕಳೆದರೂ ಓದುಗರ ಕೈಬಿಟ್ಟಿಲ್ಲ. ಅದು ಹಿಂದಿಗೆ ಹೋಯಿತು, ಇಂಗ್ಲಿಷಿಗೆ ಹೋಯಿತು, ಕಿರುತೆರೆಗೂ ಬಂತು. ಅಜ್ಜಿಯರು ಓದಿದ್ದನ್ನು ಮೊಮ್ಮಕ್ಕಳೂ ಓದುತ್ತಿದ್ದಾರೆ. ಆಶಾಪೂರ್ಣಾ ದೇವಿಯವರ 'ಪ್ರಥಮ ಪ್ರತಿಶ್ರುತಿ', 'ಸುವರ್ಣಲತಾ' ಮತ್ತು 'ಬಕುಲ ಕಥಾ' ಎಂಬ ಕಾದಂಬರಿತ್ರಯವೇ ಅದು.

ಬರೆದವರ ಬದುಕೇ ಒಂದು ಪಾಠ. 1909ರಲ್ಲಿ ಕಲ್ಕತ್ತೆಯ ಸಂಪ್ರದಾಯಸ್ಥ ಮನೆಯೊಂದರಲ್ಲಿ ಹುಟ್ಟಿದ ಆಶಾಪೂರ್ಣಾ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹೆಣ್ಣುಮಕ್ಕಳು ಓದಿದರೆ ಬಾಯಿ ಜೋರಾಗುತ್ತದೆ ಎಂಬುದು ಮನೆಯ ಹಿರಿಯರ ನಂಬಿಕೆ. ಅಣ್ಣಂದಿರು ಪಾಠ ಓದುವಾಗ ಎದುರಿಗೆ ಕೂತು ನೋಡುತ್ತಿದ್ದ ಈ ಹುಡುಗಿಗೆ ಮೊದಲು ಪರಿಚಯವಾದದ್ದು ತಲೆಕೆಳಗಾದ ಅಕ್ಷರಗಳು! ತಾಯಿಗೆ ಮಾತ್ರ ಓದಿನ ಹುಚ್ಚು. ಮನೆಗೆ ಪುಸ್ತಕಗಳು ಬರುತ್ತಿದ್ದವು. ಅದೇ ಅವರ ವಿಶ್ವವಿದ್ಯಾಲಯ. ಹದಿಮೂರರ ವಯಸ್ಸಿಗೆ ಮಕ್ಕಳ ಪತ್ರಿಕೆಯೊಂದರಲ್ಲಿ ಪದ್ಯ ಅಚ್ಚಾಯಿತು, ಹದಿನೈದಕ್ಕೆ ಮದುವೆಯಾಯಿತು. ಸಂಸಾರ ತೂಗಿಸಿಕೊಂಡೇ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. 1976ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆ ಎನಿಸಿದರು. ಮರುವರ್ಷವೇ ಆ ಪ್ರಶಸ್ತಿ ನಮ್ಮ ಕಾರಂತರಿಗೆ ಬಂತು. ಆಶಾಪೂರ್ಣಾ ದೇವಿ ತೀರಿಕೊಂಡದ್ದು 1995ರಲ್ಲಿ.

1964ರಲ್ಲಿ ಪ್ರಕಟವಾದ 'ಪ್ರಥಮ ಪ್ರತಿಶ್ರುತಿ' ನಮ್ಮನ್ನು ಹತ್ತೊಂಬತ್ತನೆಯ ಶತಮಾನದ ಹಳ್ಳಿಗೆ ಕರೆದೊಯ್ಯುತ್ತದೆ. ಊರಿನ ಗಣ್ಯ ವೈದ್ಯ ರಾಮಕಾಳಿಯ ಮಗಳು ಸತ್ಯವತಿ. ಎಂಟು ವರ್ಷದ ಹುಡುಗಿಗೆ ಆಗಲೇ ಮದುವೆಯಾಗಿದೆ, ಗಂಡನ ಮನೆಗೆ ಕಳಿಸುವುದು ಬಾಕಿ. ಹೆಂಡತಿಯನ್ನು ಹೊಡೆಯುವ ಅಣ್ಣನೊಬ್ಬನ ಮೇಲೆ ಅಣಕದ ಪದ ಕಟ್ಟಿ ಊರ ಮಕ್ಕಳಿಂದ ಹಾಡಿಸುವಷ್ಟು ಚುರುಕು ಅವಳಿಗೆ. ಯಾರೂ ಕಲಿಸದೆ ಅಕ್ಷರ ಕಲಿತಾಗ ಹೆಂಗಸರೆಲ್ಲ ಗಾಬರಿಯಾಗುತ್ತಾರೆ. ವಿದ್ಯೆಯ ದೇವತೆ ಸರಸ್ವತಿಯೇ ಹೆಣ್ಣಲ್ಲವೆ ಎಂಬುದು ಅವಳ ಉತ್ತರ. ದೊಡ್ಡವಳಾದ ಮೇಲೆ, ಮಕ್ಕಳಿಗೆ ಒಳ್ಳೆಯ ವಿದ್ಯೆ ಸಿಗಲೆಂದು ಅಳುಕುಬುರುಕ ಗಂಡ ನವಕುಮಾರನನ್ನು ಒಪ್ಪಿಸಿ, ಅತ್ತೆ ಏಲೋಕೇಶಿಯ ವಿರೋಧ ಕಟ್ಟಿಕೊಂಡು, ಸಂಸಾರವನ್ನು ಕಲ್ಕತ್ತೆಗೆ ಸಾಗಿಸುತ್ತಾಳೆ. ಮಕ್ಕಳ ಓದಿಗಾಗಿ ಊರು ಬಿಟ್ಟು ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದ ತಂದೆತಾಯಂದಿರಿಗೆ ಈ ಅಧ್ಯಾಯಗಳನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಅವಳ ಆಸೆಯೆಲ್ಲ ಮಗಳು ಸುವರ್ಣಳ ಮೇಲೆ. ತನಗೆ ಸಿಗದ ಶಾಲೆ ಅವಳಿಗೆ ಸಿಗಬೇಕು, ಬಾಲ್ಯದಲ್ಲಿ ಮದುವೆಯಾಗಬಾರದು. ಆದರೆ ಹುಡುಗಿ ಅಜ್ಜಿಯ ಊರಿಗೆ ಹೋದಾಗ ಅತ್ತೆ ಏಲೋಕೇಶಿ, ತಾಯಿಗೆ ಸುಳಿವೇ ಕೊಡದೆ, ಒಂಬತ್ತರ ಆಸುಪಾಸಿನ ಮಗುವಿಗೆ ಮದುವೆ ಮಾಡಿಸಿಬಿಡುತ್ತಾಳೆ. ತಂದೆಯೆನಿಸಿಕೊಂಡವನಿಗೆ ಅದನ್ನು ತಡೆಯುವ ಧೈರ್ಯವಿಲ್ಲ. ಸುದ್ದಿ ತಿಳಿದ ಸತ್ಯವತಿ ಕೂಗಾಡುವುದಿಲ್ಲ. ಮನೆಗೆ ಬೆನ್ನು ಹಾಕಿ, ತಂದೆಯಿರುವ ಕಾಶಿಗೆ ಹೊರಟುಬಿಡುತ್ತಾಳೆ. ಓದುಗರು ಮನಸ್ಸಿನಲ್ಲೇ ಚಪ್ಪಾಳೆ ತಟ್ಟುವ ಜಾಗ ಅದು.

ಒಂದೇ ಕಾದಂಬರಿಯಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ನಾವೂ ಒಬ್ಬ ಧೀರೆಯ ಕಥೆ ಓದಿದೆವೆಂಬ ಸಮಾಧಾನದಿಂದ ಪುಸ್ತಕ ಮಡಚುತ್ತಿದ್ದೆವು. ಆದರೆ 1967ರಲ್ಲಿ ಬಂದ ಎರಡನೆಯ ಪುಸ್ತಕ ಅದೇ ಘಟನೆಯನ್ನು ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. ತಾಯಿ ಹೊರಟಳು, ಸರಿ. ಉಳಿದ ಮಗಳ ಗತಿ? ಅತ್ತೆ ಮುಕ್ತಕೇಶಿಯ ಮನೆಯಲ್ಲಿ ಸುವರ್ಣ, ಮನೆ ಬಿಟ್ಟುಹೋದವಳ ಮಗಳು. ಏನು ಮಾಡಿದರೂ ಅದೇ ಚುಚ್ಚುಮಾತು. ಮೊದಲ ಪುಸ್ತಕದಲ್ಲಿ ನಾವು ಮೆಚ್ಚಿದ ಆ ಹೆಜ್ಜೆಯ ಬೆಲೆಯನ್ನು ಎರಡನೆಯ ಪುಸ್ತಕದಲ್ಲಿ ಒಂದು ಮಗು ದಿನದಿನವೂ ತೆರುತ್ತದೆ. ಹಾಗೆಂದು ಸತ್ಯವತಿ ತಪ್ಪು ಮಾಡಿದಳು ಎಂದು ಲೇಖಕಿ ಎಲ್ಲಿಯೂ ತೀರ್ಪು ಕೊಡುವುದಿಲ್ಲ. ಎರಡೂ ಸತ್ಯವನ್ನು ನಮ್ಮ ಎದುರಿಗಿಟ್ಟು ಸುಮ್ಮನಾಗುತ್ತಾರೆ.

ಇಂಥ ಮಾಲೆಗಳು ಹಳತಾಗದಿರುವ ಗುಟ್ಟು ಇಲ್ಲಿದೆ ಎಂದು ನನಗೆ ತೋರುತ್ತದೆ. ಹಳೆಯ ಕಾಲದ ಪಲ್ಲಕ್ಕಿ, ಎತ್ತಿನಗಾಡಿ, ತುಂಬಿದ ಮನೆಯ ಅಡಿಗೆಮನೆ ಇವೆಲ್ಲ ಓದಲು ಹಿತವೇ. ಆದರೆ ಅಷ್ಟಕ್ಕೇ ಯಾರೂ ಮೂರು ಪುಸ್ತಕ ಓದುವುದಿಲ್ಲ. ಒಬ್ಬರ ಜೀವನದಲ್ಲಿ ಮುಗಿಯಿತೆಂದುಕೊಂಡ ಸಂಗತಿ ಮುಂದಿನವರ ಜೀವನದಲ್ಲಿ ಪ್ರಶ್ನೆಯಾಗಿ ಬಾಗಿಲು ತಟ್ಟುತ್ತದೆ. ಹಿರಿಯರು ಮಾಡಿದ ಸಾಲ, ಕೊಟ್ಟ ಮಾತು, ತೋರಿದ ಧೈರ್ಯ, ಪಟ್ಟ ಅಂಜಿಕೆ ಎಲ್ಲಕ್ಕೂ ಬಡ್ಡಿ ಕಟ್ಟುವವರು ಕಿರಿಯರು. ನಮ್ಮ ಆಯುಷ್ಯದಲ್ಲಿ ಈ ಲೆಕ್ಕ ಪೂರ್ತಿಯಾಗಿ ನಮಗೆ ಕಾಣಿಸುವುದಿಲ್ಲ. ಕಾಣಿಸುವ ಕೆಲಸವನ್ನು ಇಂಥ ಕಾದಂಬರಿಗಳು ಮಾಡುತ್ತವೆ. ಕನ್ನಡದ ಓದುಗರಿಗೆ ಈ ರುಚಿ ಹೊಸದಲ್ಲ. ಕಾರಂತರ 'ಮರಳಿ ಮಣ್ಣಿಗೆ' ಓದಿದವರು ರಾಮ ಐತಾಳರಿಂದ ಲಚ್ಚನಿಗೆ, ಲಚ್ಚನಿಂದ ಮೊಮ್ಮಗ ರಾಮನಿಗೆ ಇಂಥದೇ ಲೆಕ್ಕ ದಾಟಿ ಬರುವುದನ್ನು ಒಂದೇ ಪುಸ್ತಕದಲ್ಲಿ ಕಂಡಿದ್ದಾರೆ.

ಸುವರ್ಣಳ ಆಸೆಗಳು ಬಹಳ ಸಣ್ಣವು. ಹೊಸ ಮನೆ ಕಟ್ಟುವಾಗ ಬೀದಿ ಕಾಣುವಂತೆ ಒಂದು ಜಗಲಿ ಇರಲಿ ಎನ್ನುತ್ತಾಳೆ. ಆಗಲಿ ಎಂದು ಗಂಡ ಪ್ರಬೋಧ ಮಾತು ಕೊಡುತ್ತಾನೆ. ಗೃಹಪ್ರವೇಶದ ದಿನ ಮನೆಯೆಲ್ಲ ಸುತ್ತಿ ಹುಡುಕಿದರೂ ಅದು ಇಲ್ಲ. ಪ್ರಬೋಧ ರಾಕ್ಷಸನೇನಲ್ಲ, ತನ್ನ ರೀತಿಯಲ್ಲಿ ಹೆಂಡತಿಯನ್ನು ಪ್ರೀತಿಸುವವನೇ. ಅವಳ ಆಸೆ ಗಂಭೀರವಾಗಿ ತೆಗೆದುಕೊಳ್ಳುವಂಥದು ಎಂದು ಅವನಿಗೆ ಹೊಳೆಯುವುದೇ ಇಲ್ಲ. ಮುಂದೆ ಅವಳು ಗುಟ್ಟಾಗಿ ತನ್ನ ಬದುಕಿನ ಕಥೆ ಬರೆದು ಪುಸ್ತಕವಾಗಿ ಅಚ್ಚು ಹಾಕಿಸುತ್ತಾಳೆ. ಕೆಟ್ಟ ಕಾಗದ, ಸಾಲುಸಾಲಿಗೂ ಅಚ್ಚಿನ ತಪ್ಪು. ಅವಳೇ ಓದಿಸಿ ಬೆಳೆಸಿದ ಗಂಡುಮಕ್ಕಳು ಅದನ್ನು ಎತ್ತಿ ಎತ್ತಿ ಓದಿ ನಗುತ್ತಾರೆ. ತಾಯಿ ಒಂದು ಮಾತೂ ಆಡದೆ ಪುಸ್ತಕಗಳನ್ನು ಮಹಡಿಗೆ ಹೊತ್ತೊಯ್ದು ಬೆಂಕಿಯಿಡುತ್ತಾಳೆ. ವಿದ್ಯೆ ಕಲಿತ ಮಾತ್ರಕ್ಕೆ ಕಣ್ಣು ತೆರೆಯುವುದಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಪದವಿ ಪಡೆದ ಪ್ರತಿಯೊಬ್ಬ ಮಗನೂ ಆ ಪುಟಗಳನ್ನು ಒಮ್ಮೆ ಓದಬೇಕು.

ಆ ಬೆಂಕಿಯನ್ನು ಕಂಡವಳು ಕಿರಿಯ ಮಗಳು ಬಕುಲ. ಸುಟ್ಟುಹೋದ ಮಾತುಗಳನ್ನು ಹುಡುಕಿ ಮತ್ತೆ ಬರೆಯಬೇಕೆಂಬ ಸಂಕಲ್ಪ ಅವಳದು. ಮೂರನೆಯ ಪುಸ್ತಕದಲ್ಲಿ ಅವಳು ಅನಾಮಿಕಾ ದೇವಿ ಎಂಬ ಹೆಸರಿನಲ್ಲಿ ಪ್ರಸಿದ್ಧ ಲೇಖಕಿ. ಅಜ್ಜಿ ಕನಸಿನಲ್ಲೂ ಕಾಣದ ಸ್ವಾತಂತ್ರ್ಯ ಸುತ್ತಲ ಹುಡುಗಿಯರಿಗೆ ಸಿಕ್ಕಿದೆ. ಅಜ್ಜಿ, ಅಮ್ಮ ಬೇಡಿದ್ದು ಇದನ್ನೇ ಏನು ಎಂದು ಅವಳು ಯೋಚಿಸುತ್ತಾಳೆ; ಸಲೀಸಾದ ಉತ್ತರ ಅವಳಿಗೆ ಸಿಗುವುದಿಲ್ಲ. ಮೂರು ಪುಸ್ತಕ ಬರೆದೂ 'ಈಗ ಎಲ್ಲ ಸರಿಹೋಯಿತು' ಎಂದು ಲೇಖಕಿ ಹೇಳದಿರುವುದು ಅವರ ದೊಡ್ಡತನ.

ಇತಿಹಾಸದ ಪಠ್ಯಪುಸ್ತಕ ಇಸವಿಗಳನ್ನು ಕೊಡುತ್ತದೆ. 1849ರಲ್ಲಿ ಕಲ್ಕತ್ತೆಯಲ್ಲಿ ಬೆಥೂನ್ ಹೆಣ್ಣುಮಕ್ಕಳ ಶಾಲೆ ಆರಂಭ. 1883ರಲ್ಲಿ ಕಾದಂಬಿನಿ ಬಸು, ಚಂದ್ರಮುಖಿ ಬಸು ಪದವೀಧರೆಯರಾದರು. 1929ರಲ್ಲಿ ಶಾರದಾ ಕಾಯಿದೆ ಹುಡುಗಿಯರ ಮದುವೆಗೆ ಹದಿನಾಲ್ಕು ವರ್ಷದ ಗಡಿ ಹಾಕಿತು. ಪರೀಕ್ಷೆಗೆ ಇವು ಬೇಕು, ಬಾಯಿಪಾಠ ಮಾಡಿ. ಆದರೆ ಶಾಲೆ ಬೀದಿಗೆ ಬಂದ ಮೇಲೂ ಅದು ಮನೆಯ ಹೊಸ್ತಿಲು ದಾಟಲು ಎಷ್ಟು ಕಾಲ ಹಿಡಿಯಿತು, ಅಡ್ಡ ನಿಂತವರು ಯಾರು, ಅವರೂ ಮಗುವಿನ ಒಳಿತೆಂದೇ ಹೇಗೆ ನಂಬಿದ್ದರು ಎಂಬುದನ್ನು ತಿಳಿಯಲು ಕಾದಂಬರಿ ಬೇಕು.

ಇದೆಲ್ಲ ಮುಗಿದ ಕಾಲದ ಕಥೆ ಎನ್ನುವಂತೆಯೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ದೇಶದಲ್ಲಿ ನೂರಕ್ಕೆ ಸುಮಾರು 23. ಸತ್ಯವತಿಯ ಪಶ್ಚಿಮ ಬಂಗಾಳದಲ್ಲಿ ಸುಮಾರು 42, ನಮ್ಮ ಕರ್ನಾಟಕದಲ್ಲಿ ಸುಮಾರು 21. ಅಂದರೆ ಇಲ್ಲಿ ಐವರಲ್ಲಿ ಒಬ್ಬಳು. ಅವಳೊಂದಿಗೆ ಒಂದೇ ಬೆಂಚಿನಲ್ಲಿ ಕೂತಿದ್ದವರು ಈ ಪುಟ ಓದುತ್ತಿರಬಹುದು.

ಆದ್ದರಿಂದ ಈ ಪುಸ್ತಕಗಳನ್ನು ಮಕ್ಕಳು ಮಾತ್ರ ಓದಿದರೆ ಸಾಲದು, ತಂದೆತಾಯಂದಿರೂ ಓದಬೇಕು. ಯಾವ ಕೋರ್ಸು, ಯಾವ ಊರು, ಯಾವ ವಯಸ್ಸಿಗೆ ಮದುವೆ ಎಂದು ಮಕ್ಕಳ ಪರವಾಗಿ ನಿರ್ಧರಿಸುವಾಗ ನಾವು ಎಲ್ಲರೂ ಒಳಿತನ್ನೇ ಬಯಸುತ್ತೇವೆ. ಏಲೋಕೇಶಿಯೂ ಒಳಿತನ್ನೇ ಬಯಸಿದ್ದಳು. ಅವಳು ಮಾಡದಿದ್ದ ಕೆಲಸ ಒಂದೇ: ಆ ಹುಡುಗಿಯನ್ನೊಮ್ಮೆ ಕೂರಿಸಿಕೊಂಡು, 'ನಿನಗೇನು ಬೇಕು ಮಗಳೇ?' ಎಂದು ಕೇಳಲಿಲ್ಲ.