ನೇತ್ರಾಣಿಗೆ ಮೆಟ್ಟಿಲು ಬೇಡ

ಮುರುಡೇಶ್ವರದ ರಾಜಗೋಪುರದ ಲಿಫ್ಟಿನಲ್ಲಿ ಮೇಲೆ ಹೋಗಿ, ಆಕಾಶ ತಿಳಿಯಾಗಿರುವ ದಿನ ಪಡುವಣಕ್ಕೆ ಕಣ್ಣು ಹಾಯಿಸಿದರೆ ಕಡಲಿನಂಚಿನಲ್ಲಿ ಕಪ್ಪು ಗುಡ್ಡವೊಂದು ಕಾಣುತ್ತದೆ. ಅದೇ ನೇತ್ರಾಣಿ. ದಡದಿಂದ ಸುಮಾರು 19 ಕಿ.ಮೀ. ಅಲ್ಲಿ ಒಂದು ಮನೆಯೂ ಇಲ್ಲ. ತೋರಿಸಿದ ಬೆರಳು ಕೆಳಗಿಳಿಯುವ ಮೊದಲೇ ಪಕ್ಕದವರು ಕೇಳುತ್ತಾರೆ: ‘ಅಲ್ಲಿಗೆ ಹೋಗ್ಬಹುದಾ? ಇಳೀಬಹುದಾ?’

ಸುತ್ತ ನೀರಿನಲ್ಲಿ ಮುಳುಗಬಹುದು, ಪ್ರವಾಸಿಗರು ಮೇಲೆ ಇಳಿಯುವಂತಿಲ್ಲ. ಈ ಅರ್ಧ ಉತ್ತರ ಅನೇಕರಿಗೆ ಹಿಡಿಸುವುದಿಲ್ಲ. ಜೆಟ್ಟಿ ಕಟ್ಟಿ, ಬಂಡೆ ಕಡಿದು ಮೆಟ್ಟಿಲು ಮಾಡಿದರೆ ತಾಲ್ಲೂಕಿನ ದೆಸೆಯೇ ತಿರುಗುತ್ತದೆ ಎನ್ನುವವರು ಭಟ್ಕಳದ ಕಡೆ ಸಿಗುತ್ತಾರೆ. ಬೆಂಗಳೂರಿನಲ್ಲಿ ಇನ್ನೂ ಹೆಚ್ಚು ಸಿಗುತ್ತಾರೆ. ಈ ಮಾತನ್ನು ಮೊಳಕೆಯಲ್ಲೇ ಚಿವುಟಬೇಕು. ನೇತ್ರಾಣಿ ಇಷ್ಟಾದರೂ ಉಳಿದಿದ್ದರೆ ಅದಕ್ಕೆ ಯಾವ ಇಲಾಖೆಯೂ ಬೆನ್ನು ತಟ್ಟಿಕೊಳ್ಳಬೇಕಾಗಿಲ್ಲ. ಕಾದದ್ದು ಕಡಿದಾದ ಬಂಡೆ, ಮತ್ತು ಮಳೆಗಾಲವಿಡೀ ದೋಣಿ ಇಳಿಸಗೊಡದ ಕಡಲು. ಜೆಟ್ಟಿ ಕಟ್ಟಿದೆವೆಂದರೆ ಇಬ್ಬರು ಕಾವಲುಗಾರರಲ್ಲಿ ಒಬ್ಬನನ್ನು ಮನೆಗೆ ಕಳಿಸಿದೆವು ಎಂದೇ ಲೆಕ್ಕ.

ಜನ ಇಳಿದ ದ್ವೀಪ ಹೇಗಿರುತ್ತದೆಂದು ನೋಡಲು ಮಲ್ಪೆಯ ಸೇಂಟ್ ಮೇರೀಸ್ ಸಾಕು. ಲಾವಾ ತಣಿದು ಕಂಬಗಳಾಗಿ ನಿಂತ, ದೇಶದ ಭೂವೈಜ್ಞಾನಿಕ ಸ್ಮಾರಕಗಳಲ್ಲೊಂದು. ರಜೆಯ ದಿನ ಆ ಕಂಬಗಳ ಸಂದಿಯಲ್ಲಿ ಕಣ್ಣಿಗೆ ಬೀಳುವುದು ಚಿಪ್ಸ್ ಪೊಟ್ಟಣ.

ಜನ ಇಳಿಯದ ನೇತ್ರಾಣಿಯೂ ಇದ್ದ ಹಾಗೇ ಉಳಿದಿಲ್ಲ. ಕಾಂಗ್ರೆಸ್ ಸ್ಥಾಪಿಸಿದ ಎ.ಒ. ಹ್ಯೂಮ್ ಹಕ್ಕಿಗಳ ಹುಚ್ಚಿನವನೂ ಹೌದು. 1875ರಲ್ಲಿ ಅವನು ನೇತ್ರಾಣಿಗೆ ಬಂದಾಗ ಬಿಳಿಹೊಟ್ಟೆಯ ಕಡಲ ಹದ್ದಿನ ಗೂಡುಗಳು ಸುಮಾರು 100 ಇದ್ದವು. 2000ದಿಂದ 2004ರ ನಡುವಿನ ಸಮೀಕ್ಷೆಗೆ ಸಿಕ್ಕಿದ್ದು 44. ಇದನ್ನು ಇಂದಿನ ಸ್ಕೂಬಾದವರ ತಲೆಗೆ ಕಟ್ಟುವುದು ಅನ್ಯಾಯ. ಆಗಿನ್ನೂ ಮುರುಡೇಶ್ವರದಲ್ಲಿ ಆ ದಂಧೆ ಹೀಗೆ ಬೆಳೆದಿರಲಿಲ್ಲ. ಆದರೆ ದಶಕಗಳ ಕಾಲ ನೌಕಾಪಡೆ ಈ ದ್ವೀಪವನ್ನು ಗುಂಡಿನ ತಾಲೀಮಿಗೆ ಗುರಿ ಮಾಡಿಕೊಂಡಿತ್ತಲ್ಲ, ಅದನ್ನು ಎತ್ತುವವರು ಕಡಿಮೆ. ಬಂಡೆಯ ಮೇಲೂ ನೀರಿನಡಿಯಲ್ಲೂ ಶೆಲ್ಲುಗಳ ತುಣುಕು ಬಿದ್ದಿವೆ. ದೇಶರಕ್ಷಣೆ ಎಂದ ಕೂಡಲೇ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಪ್ರವಾಸಿ ಎಸೆದ ಬಾಟಲಿಗೆ ದಂಡ ಕೇಳುವವರು ಸಿಡಿಗುಂಡಿನ ಚೂರಿಗೆ ಲೆಕ್ಕ ಕೇಳಬಾರದೇ?

ಕೇಳಿದವರಿದ್ದಾರೆ. ಹವಾಯಿಯ ಕಹೋಲಾವೆ ದ್ವೀಪವನ್ನು ಅಮೆರಿಕದ ಸೇನೆ 1941ರಿಂದ ಬಾಂಬಿನ ಗುರಿಯಾಗಿ ಬಳಸಿತು. 1976ರಲ್ಲಿ ಅಲ್ಲಿನ ಮೂಲನಿವಾಸಿಗಳು ದೋಣಿ ಹತ್ತಿ ದ್ವೀಪಕ್ಕೇ ನುಗ್ಗಿದರು. 1990ರಲ್ಲಿ ಬಾಂಬು ನಿಂತಿತು. ಆಮೇಲೆ ಸೇನೆಯೇ ಸಿಡಿಯದ ಗುಂಡುಗಳನ್ನು ಹೆಕ್ಕಬೇಕಾಯಿತು, ಮಣ್ಣು ಬೋಳಾಗಿಸಿದ್ದ ಆಡುಗಳನ್ನು ಅಲ್ಲಿಂದ ತೆಗೆಯಲಾಯಿತು. ಇಂದು ಕಹೋಲಾವೆಗೆ ವಿಹಾರಕ್ಕೆಂದು ಹೋಗುವಂತಿಲ್ಲ. ಅನುಮತಿ ಪಡೆದು, ಗಿಡ ನೆಡುವಂಥ ಕೆಲಸಕ್ಕೆ ಹೋಗಬಹುದು.

ಆಡಿನ ಮಾತು ಬಂದದ್ದು ಒಳ್ಳೆಯದಾಯಿತು. ನೇತ್ರಾಣಿಯಲ್ಲೂ ಆಡುಗಳಿವೆ. ಕಡಲಿಗಿಳಿಯುವ ಮೀನುಗಾರರು ಜಟ್ಟಿಗ ದೈವಕ್ಕೆ ಹರಕೆ ಹೊತ್ತು ಅಲ್ಲಿ ಆಡು ಬಿಡುತ್ತ ಬಂದಿದ್ದಾರೆ. ಪರಿಸರದವರು ಸಾಮಾನ್ಯವಾಗಿ ಇಲ್ಲಿ ಜಾಣಮೌನ ವಹಿಸುತ್ತಾರೆ, ಇಲ್ಲವೇ ಮೀನುಗಾರರನ್ನೇ ಕಳ್ಳರಂತೆ ಕಾಣುತ್ತಾರೆ. ಎರಡೂ ತಪ್ಪು. ಬೇರೆ ಮೇವಿಲ್ಲದ ದ್ವೀಪದಲ್ಲಿ ಆಡು ಎಳೆಯ ಸಸಿಯನ್ನೇ ತಿನ್ನುತ್ತದೆ, ನಾಳೆ ಹದ್ದಿಗೆ ಗೂಡು ಕಟ್ಟಲು ಮರ ಎಲ್ಲಿಂದ ಬರಬೇಕು? ಆದರೆ ಬಿರುಗಾಳಿಗೆ ಸಿಕ್ಕಿ ಬದುಕಿ ಬಂದವನ ಹರಕೆಯನ್ನು ಸುತ್ತೋಲೆ ಹೊರಡಿಸಿ ನಿಲ್ಲಿಸಲಾಗದು. ವರ್ಷಕ್ಕೊಂದು ಪೂಜೆ ನಡೆಯಲಿ, ಆಡು ಪೂಜೆಯಾದ ಮೇಲೆ ಅದೇ ದೋಣಿಯಲ್ಲಿ ಹಿಂದಿರುಗಲಿ ಎಂದು ಊರಿನ ಹಿರಿಯರೊಡನೆ ಕೂತು ಮಾತಾಡಬೇಕು. ಜಟ್ಟಿಗ ಒಪ್ಪಿಯಾನು, ಪ್ರವಾಸೋದ್ಯಮದವರಷ್ಟು ಹಟಮಾರಿಯಲ್ಲ.

ಇನ್ನು ಡೈವಿಂಗ್. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲೆ ನೇತ್ರಾಣಿಯ ನೀರಿನಡಿಯ ಲೋಕ ಮನೆಮನೆಗೂ ಗೊತ್ತಾಯಿತು. ಕನ್ನಡ ಮಕ್ಕಳು ಗಿಳಿಮೀನನ್ನು, ಕಡಲಾಮೆಯನ್ನು ಕಂಡು ಬಾಯಿ ಬಿಟ್ಟರೆ ಸಂತೋಷವೇ. ಡೈವಿಂಗ್ ನಿಲ್ಲಿಸಿ ಎನ್ನಲಾರೆ, ಎಷ್ಟೋ ಕುಟುಂಬಗಳ ಅನ್ನವದು. ಸಂಕಟವಿರುವುದು ಲಂಗರಿನಲ್ಲಿ. ಬಂಡೆಯಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆಯುವುದೂ ಕಷ್ಟ. ಒಂದು ಲಂಗರು ಎಳೆದರೆ ನಮ್ಮಜ್ಜನ ಕಾಲದಿಂದ ಬೆಳೆದದ್ದು ಪುಡಿ. ಈಜು ಬಾರದವರೂ ಅರ್ಧ ಗಂಟೆಯ ಪಾಠ ಕೇಳಿ ಇಳಿಯುತ್ತಾರೆ, ಹೆದರಿದಾಗ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಹವಳಕ್ಕೂ ತಿಮಿಂಗಿಲ ಶಾರ್ಕಿಗೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಸರಿಸಮ ಸ್ಥಾನವಿದೆ. ಹುಲಿ ಕಾಡಿಗೆ ದಿನಕ್ಕೆ ಇಷ್ಟೇ ಜೀಪು ಎಂಬ ಮಿತಿಯನ್ನು ನಾವು ಒಪ್ಪಿಕೊಂಡಿದ್ದೇವೆ. ಇಲ್ಲೂ ದಿನಕ್ಕೆ ಇಷ್ಟೇ ದೋಣಿ ಎನ್ನಲಿ. ಲಂಗರಿನ ಬದಲು ದೋಣಿ ಕಟ್ಟಲು ತೇಲುಬೋಯಾ ಹಾಕಿಸಲಿ.

ನೇತ್ರಾಣಿಯನ್ನು ಜೀವವೈವಿಧ್ಯ ಪಾರಂಪರಿಕ ತಾಣ ಮಾಡಬೇಕೆಂಬ ಬೇಡಿಕೆ ಹಳೆಯದು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲೇ ಆ ಮರ್ಯಾದೆ ಸಿಕ್ಕಿತು. ಹವಳಕ್ಕೂ ಸಿಗಲಿ, ಬೇಡವೆಂದವರಾರು? ಆದರೆ ಬೋರ್ಡು ನೆಡಲು ಕೂಡ ದ್ವೀಪದ ಮೇಲೆ ಹತ್ತಬೇಡಿ. ಇಳಿದೇ ನೋಡಬೇಕು ಎಂದು ಹಟ ಹಿಡಿಯುವವರಿಗಾಗಿ ರಾಜಗೋಪುರದ ತುದಿಯಲ್ಲಿ ಒಂದು ಒಳ್ಳೆಯ ದುರ್ಬೀನು ಇಡಿ. ಬೇಕಿದ್ದರೆ ತಲೆಗೆ ಇಪ್ಪತ್ತು ರೂಪಾಯಿ ತಗೊಳ್ಳಿ.